ಅಲ್ಲಿ ಏನೂ ಇಲ್ಲ ಅಂದಿದ್ದೆ

ಅಣ್ಣಾ, ನಾನು ನಿನಗೆ ಸುಳ್ಳು ಹೇಳಿದೆ. ಮರೆವಿನಿಂದ ಹೇಳಿದ್ದಲ್ಲ, ತಿಳಿಯದೆ ಹೇಳಿದ್ದೂ ಅಲ್ಲ — ತಿಳಿದೇ, ನಿನ್ನ ಮುಖ ನೋಡಿಕೊಂಡೇ ಹೇಳಿದೆ. ನೀನೂ ವೈನಿಯೂ ಸ್ವಿಟ್ಜರ್ಲೆಂಡಿಗೆ ಹೊರಟು ನಿಂತಿದ್ದಿರಿ. ಅಲ್ಲಿಯ ಆಕಳುಗಳ ಕೊರಳ ಗಂಟೆಯ ದನಿಯನ್ನು, ಕಿವಿ ಪೂರ್ತಿ ಹೋಗುವುದರೊಳಗೆ, ಒಮ್ಮೆ ಕೇಳಬೇಕು ಅಂತ ನಿನ್ನ ಆಸೆ. ನಾನು ಮೊದಲೊಮ್ಮೆ ನೋಡಿಬಂದಿದ್ದ ಆ ಆಕಳ ಊರಿಗೆ ಹೋಗುವುದು ಹೇಗೆ ಅಂತ ನೀನು ನನ್ನನ್ನು ಕೇಳಿದೆ. ಅಲ್ಲಿ ಏನೂ ಇಲ್ಲ ಅಂದೆ ನಾನು. ಇತ್ತು ಅಣ್ಣಾ. ಎಲ್ಲ ಇತ್ತು.

ಇದನ್ನು ಬರೆದು ಹೇಳುತ್ತಿದ್ದೇನೆ, ಯಾಕೆಂದರೆ ಬಾಯಿಂದ ಹೇಳುವ ಕಾಲವನ್ನು ನಾನೇ ಕಳೆದುಬಿಟ್ಟೆ. ಈಗ ನಿನಗೊಂದು ಮಾತು ಮುಟ್ಟಿಸಬೇಕಾದರೆ ಕಿವಿಗೆ ಬಾಯಿ ಹಚ್ಚಿ ಒದರಬೇಕು. ಒದರಿದರೂ ನೀನು ತುಟಿ ನೋಡಿ ಅರ್ಧ ಊಹಿಸಿಕೊಂಡು ಸುಮ್ಮನೆ ತಲೆ ಅಲ್ಲಾಡಿಸುತ್ತೀ. ಚಹಾ ಬೇಕೇನೋ ಅನ್ನುವ ಮಾತನ್ನು ನಿಮ್ಮ ತಿರ್ಲಾಪುರದ ಅರ್ಧ ಓಣಿಗೆ ಕೇಳುವಂತೆ ಕೂಗುತ್ತೇನೆ ನಾನು. ಇದನ್ನು ಹಾಗೆ ಕೂಗಲು ಆದೀತೇ? ಪೇಪರು ಓದುವ ಚಟವೊಂದು ನಿನಗೆ ಉಳಿದಿದೆಯಲ್ಲ, ಕನ್ನಡಕ ಹಾಕಿಕೊಂಡು ಇದನ್ನೂ ಓದು. ನಿನಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ. ಮೊದಲಿನಿಂದ ಹೇಳದಿದ್ದರೆ ನನಗೆ ಮುಂದಕ್ಕೆ ಹೋಗಲು ಆಗುವುದಿಲ್ಲ.

ಅಣ್ಣಿಗೇರಿಯಲ್ಲಿ ನಮ್ಮದು ಸಿಮೆಂಟು, ಕಬ್ಬಿಣದ ಅಂಗಡಿ. ಆ ವರ್ಷ ಸುತ್ತಲ ಹಳ್ಳಿಯಲ್ಲೆಲ್ಲ ಮನೆ ಕಟ್ಟಿಸುವವರ ಗದ್ದಲ. ನಮ್ಮನೆಯವರು ಬಹಳ ಸಿಮೆಂಟು ಮಾರಿದರು ಅಂತ ಕಂಪನಿಯವರು ಗಂಡ ಹೆಂಡತಿ ಇಬ್ಬರಿಗೂ ಸ್ವಿಟ್ಜರ್ಲೆಂಡ್ ಪ್ರವಾಸದ ಇನಾಮು ಕೊಟ್ಟರು. ಹುಬ್ಬಳ್ಳಿ ದಾಟಿದರೆ ತಲೆ ತಿರುಗಿ ವಾಂತಿ ಮಾಡಿಕೊಳ್ಳುತ್ತಿದ್ದ ಹೆಂಗಸು ನಾನು. ವಿಮಾನ ಹತ್ತುವುದಿಲ್ಲ, ನೀವೊಬ್ಬರೇ ಹೋಗಿಬರ್ರಿ ಅಂತ ಹಟ ಹಿಡಿದು ಕೂತಿದ್ದೆ. ನೀನೇ ಬಂದು ಬೈದೆ. "ಹುಚ್ಚಿ ಅದೀಯೇನ ಬೇ, ನಾ ಆಗಿದ್ರ ನಡಕೋತ ಹೋಗ್ತಿದ್ನಿ" ಅಂದೆ. ಅವ್ವ ಉಡಿ ತುಂಬಿದಳು, ವೈನಿ ಕಡಕ್ ರೊಟ್ಟಿ ಬಡಿದು ಕಟ್ಟಿಕೊಟ್ಟಳು. ಅವ್ವ ಆಗಿನ್ನೂ ಗಟ್ಟಿ ಇದ್ದಳು. ವಿಮಾನದಲ್ಲಿ ಕಿಡಕಿ ತೆರೆಯಬೇಡ, ಗಾಳಿ ಬಡಿದೀತು ಅಂತ ನನಗೆ ಅವಳ ಬುದ್ಧಿಮಾತು.

ಪ್ರವಾಸದ ಕೊನೆಯ ದಿನ ಸಂಜೆತನಕ ಬಿಡುವು. ಉಳಿದ ಡೀಲರುಗಳೆಲ್ಲ ಹೆಂಡತಿಯರನ್ನು ಕರೆದುಕೊಂಡು ಗಡಿಯಾರ, ಚಾಕಲೇಟಿನ ಅಂಗಡಿಗಳಿಗೆ ನುಗ್ಗಿದರು. ನಮ್ಮನೆಯವರು ಮಾತ್ರ, "ವರ್ಷಾನಗಟ್ಲೆ ಅಂಗಡ್ಯಾಗ ಕುಂತ ಬ್ಯಾಸರಾಗೇತಿ, ಇಲ್ಲಿಗೂ ಬಂದು ಅಂಗಡೀನ ನೋಡಬೇಕೇನ? ನಡಿ, ಎಲ್ಲ್ಯರ ಹೋಗೂಣು" ಅಂದರು. ಎಲ್ಲಿಗೆ ಅಂತ ಅವರಿಗೂ ಗೊತ್ತಿರಲಿಲ್ಲ. ಹೋಟೆಲಿನ ಬಾಜೂಕ್ಕೇ ಸ್ಟೇಷನ್ನು, ಅಲ್ಲಿ ನಿಂತಿದ್ದ ಸಣ್ಣ ರೈಲು. ಹತ್ತಿ ಕೂತೆವು. ಅದು ಗುಡ್ಡ ಏರಿ ಏರಿ ಕೊನೆಗೆ ಒಂದು ಹಳ್ಳಿಯಲ್ಲಿ ನಿಂತಿತು. ಆ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಗೂ ಹೊರಳಲಿಲ್ಲ. ಬೋರ್ಡಿನ ಮೇಲೆ ಒಂದು ಅಕ್ಷರದ ನೆತ್ತಿಗೆ ಎರಡು ಚುಕ್ಕಿ ಇದ್ದವು. ಎರಡು ಚುಕ್ಕಿ ಊರು ಅಂತ ನಾವೇ ಹೆಸರಿಟ್ಟುಕೊಂಡೆವು.

ಅಲ್ಲಿ ರೈಲು ಇಳಿದ ಕೂಡಲೇ ಕೇಳಿದ್ದು ಆ ಸಪ್ಪಳ. ಹೇಗೆ ಹೇಳಲಿ ನಿನಗೆ — ನೀನಾದರೆ ಹೇಳುತ್ತಿದ್ದೆ, ಇದು ಕಂಚು, ಇದು ಹಿತ್ತಾಳೆ, ಇದರ ನಾಲಿಗೆ ಸ್ವಲ್ಪ ಉದ್ದ ಆಯಿತು ಅಂತ. ನನಗೆ ಅದೆಲ್ಲ ತಿಳಿಯುವುದಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ಕೆಂಪು, ಕಂದು ಆಕಳುಗಳು ಮೇಯುತ್ತಿದ್ದವು. ಒಂದೊಂದರ ಕೊರಳಲ್ಲಿ ತಂಬಿಗೆ ಗಾತ್ರದ ಗಂಟೆ, ಕೆಲವಕ್ಕೆ ಇನ್ನೂ ದೊಡ್ಡದು. ಒಂದು ತಲೆ ತಗ್ಗಿಸಿದರೆ ಗಂಭೀರವಾಗಿ ಒಂದು ದನಿ, ಇನ್ನೊಂದು ತಲೆ ಎತ್ತಿದರೆ ಬೇರೆ ದನಿ. ಯಾವುದೂ ಕೂಡಿ ಬಡಿಯುತ್ತಿರಲಿಲ್ಲ, ಆದರೂ ಎಲ್ಲ ಕೂಡಿಕೊಂಡು ಬರುತ್ತಿತ್ತು. ಎದುರಿನ ಗುಡ್ಡಕ್ಕೆ ಬಡಿದು ಮತ್ತೊಮ್ಮೆ ಬರುತ್ತಿತ್ತು. ನೋಡು, ಇಷ್ಟು ವರ್ಷದ ಮೇಲೂ ಬರೆಯುವಾಗ ನನ್ನ ಮೈ ಜುಮ್ಮೆನ್ನುತ್ತದೆ. ಇಷ್ಟನ್ನು ಮುಚ್ಚಿಟ್ಟುಕೊಂಡೆ ನಾನು.

ಬೇಲಿಯ ಹತ್ತಿರ ಒಂದು ಕಟ್ಟಿಗೆಯ ಬೆಂಚು ಇತ್ತು. ನನ್ನ ಕಾಲಲ್ಲಿ ಮಗಳು ಕೊಡಿಸಿದ ಬೂಟು — ಹುಟ್ಟಿದಾಗಿನಿಂದ ಚಪ್ಪಲಿ ಬಿಟ್ಟು ಬೇರೆ ಹಾಕಿದವಳಲ್ಲ, ಇಳಕಲ್ ಸೀರೆಯ ಕೆಳಗೆ ಆ ಬೂಟು. ಹಿಮ್ಮಡಿ ಕಚ್ಚಿ ಗುಳ್ಳೆ ಎದ್ದಿತ್ತು. ಅಳು ಬಂದರೂ ಹೇಳಿರಲಿಲ್ಲ. ಅವರು ಬೆಂಚಿನ ಮೇಲೆ ಕೂಡ್ರಿಸಿ, ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬೂಟು ಬಿಚ್ಚಿ, ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅಯ್ಯ ಶಿವನೇ! ಅಣ್ಣಿಗೇರಿಯಲ್ಲಿ ನಾನು ಅವರ ಹಿಂದೆ ನಡೆದವಳು, ಜೋಡಿಗೆ ನಡೆದದ್ದಿಲ್ಲ. ಅವರು ಉಣ್ಣುವ ಮೊದಲು ಉಂಡವಳಲ್ಲ. "ಬಿಡ್ರಿ, ಯಾರರ ನೋಡ್ಯಾರು" ಅಂತ ಕಾಲು ಜಗ್ಗಿಕೊಂಡೆ.

"ಇಲ್ಲಿ ಯಾರದಾರ ನೋಡಾಕ?" ಅಂದರು. "ಆಕಳ ನೋಡ್ತಾವ. ನೋಡಿದ್ರ ನೋಡ್ಲಿ."

ಆಕಳುಗಳು ನೋಡಿದವು. ಅವರು ಕೈವಸ್ತ್ರ ಒದ್ದೆ ಮಾಡಿ ನನ್ನ ಹಿಮ್ಮಡಿಗೆ ಕಟ್ಟಿದರು, ಆಮೇಲೂ ಕಾಲು ಬಿಡದೆ ಹಾಗೇ ಕೂತರು. ನಾವು ಮದುವೆಯಾಗಿ ಮಗಳ ಮದುವೆಯನ್ನೂ ಮಾಡಿ ಮುಗಿಸಿದ್ದೆವು, ಆದರೆ ಅಷ್ಟು ಹೊತ್ತು ಅವರ ಮುಖವನ್ನು ನಾನು ನೇರವಾಗಿ ನೋಡಿರಲಿಲ್ಲ. ಬಲಗಡೆಯ ಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲು ಇತ್ತು. ಅದನ್ನು ಅವತ್ತೇ ನಾನು ಕಂಡದ್ದು. ಇದನ್ನು ಯಾರಿಗೂ ಹೇಳಿಲ್ಲ ಅಣ್ಣಾ, ಮಗಳಿಗೂ ಹೇಳಿಲ್ಲ, ವೈನಿಗೂ ಹೇಳಿಲ್ಲ.

ಬರುವಾಗ ಒಂದು ಆಕಳ ಫೋಟೋ ತೆಗೆದುಕೊಂಡರು. ಅದೇ ನಮ್ಮ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ್ದು. ನೀನು ಬಂದಾಗಲೆಲ್ಲ ಅದರ ಮುಂದೆ ನಿಲ್ಲುತ್ತಿದ್ದೆ. "ಇದರ ದನಿ ಹೆಂಗಿತ್ತು?" ಅಂತ ಕೇಳುತ್ತಿದ್ದೆ. ನಿನಗೆ ಆ ಹುಚ್ಚು ಸಣ್ಣವನಿದ್ದಾಗಿನಿಂದಲೂ ಇತ್ತು. ಸಂತೆಯಲ್ಲಿ ಗಂಟೆ ಕೊಳ್ಳುವಾಗ ಅಂಗಡಿಯವನಿಗೆ ಸಾಕಾಗಿ ಹೋಗುವಷ್ಟು ಬಡಿದು ಬಡಿದು ನೋಡುತ್ತಿದ್ದೆ. ಎತ್ತಿನ ಜೋಡಿ ಹೊಂದಿದರೆ ಸಾಲದು, ಗಂಟೆಯ ಜೋಡಿಯೂ ಹೊಂದಬೇಕು ಅನ್ನುತ್ತಿದ್ದೆ. ಕಾರಹುಣ್ಣಿಮೆಯ ದಿನ ನಿನ್ನ ಎತ್ತುಗಳು ಓಣಿಗೆ ಬಂದರೆ ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ, "ನಮ್ಮವು ಬಂದ್ವು" ಅಂತ ಎದ್ದು ಆರತಿ ತೆಗೆದುಕೊಳ್ಳುತ್ತಿದ್ದಳು. ಎಂಥ ದಿನಗಳು ಅವು.

ಆ ಪ್ರವಾಸದಿಂದ ಬಂದ ಮೇಲೆ ನಾನು ಊರಿಗೆ ಫಾರಿನ್ ಗಿರಿಜಕ್ಕ ಆದೆ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗಿತ್ತು ನನಗೆ. ದುಬೈಗೆ ಮಗನ ಮನೆಗೆ ಹೊರಟವರು, ಸಿಂಗಾಪುರ ನೋಡಲು ಹೊರಟ ಹೊಸ ಜೋಡಿ, ಎಲ್ಲರೂ ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದರು. "ಅಲ್ಲಿ ಚಾ ಸಿಗತೈತೇನ್ರಿ?" "ಸೀರಿ ಉಟಗೊಂಡ್ರ ನಡೀತೈತೇನ್ರಿ?" ನಾನು ದೊಡ್ಡ ಅಧಿಕಾರಿಯ ಹಾಗೆ ಕಾಲು ಮಡಚಿ ಕೂತು ಹೇಳುತ್ತಿದ್ದೆ: ಶೇಂಗಾ ಚಟ್ನಿ ದೊಡ್ಡ ಬ್ಯಾಗಿನಲ್ಲಿ ಹಾಕಿರಿ, ಕೈಯಲ್ಲಿ ಒಯ್ಯಬೇಡಿರಿ. ಒಂದು ಪ್ಲಾಸ್ಟಿಕ್ ಮಗ್ಗು ಇರಲಿ, ಅಲ್ಲಿ ಸಂಡಾಸದಲ್ಲಿ ನೀರಿರುವುದಿಲ್ಲ, ಬರೀ ಕಾಗದ. ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಕಟ್ಟಿಕೊಂಡವರು ತಪಾಸಣೆಯ ಬಾಗಿಲಲ್ಲಿ ಅಂಜಬೇಡಿರಿ, ದೇವರು ಅಂತ ಕೈ ಮುಗಿದು ತೋರಿಸಿ, ಕೇಳಿದರೆ ಟ್ರೇಯಲ್ಲಿ ಇಟ್ಟು ದಾಟಿದ ಕೂಡಲೇ ಹಾಕಿಕೊಳ್ಳಿರಿ. ನನ್ನ ಮಾತು ಕೇಳಿ ಹೋದವರು ಯಾರೂ ಫಜೀತಿಪಟ್ಟಿರಲಿಲ್ಲ. ಅದಕ್ಕೇ ನೀನೂ ನನ್ನ ಮಾತು ನಂಬಿದೆ.

ಮುಂದೆ ಬಹಳ ದಿನ ಅವರು ಉಳಿಯಲಿಲ್ಲ. ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರು, ದವಾಖಾನೆ ಮುಟ್ಟಲಿಲ್ಲ. ಅಂಗಡಿ ಮೈದುನನ ಕೈಗೆ ಹೋಯಿತು. ಅವರ ಅಂಗಿ, ಧೋತರ ಯಾರು ಯಾರೋ ಒಯ್ದರು. ಅವರು ಕೂಡುತ್ತಿದ್ದ ಕುರ್ಚಿಯ ಮೇಲೆ ಬಂದವರೆಲ್ಲ ಕೂಡತೊಡಗಿದರು — ಕೂಡಬೇಡಿರಿ ಅಂತ ಹೇಗೆ ಹೇಳಲಿ? ಅವಾಗ ನೀನು ಮಾಡಿದ್ದನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಆ ವರ್ಷ ನೀನು ನಿನ್ನ ಎತ್ತುಗಳ ಕೊರಳಿನ ಗಂಟೆ ಬಿಚ್ಚಿಟ್ಟೆ. ತಂಗಿಯ ಗಂಡನಿಗಾಗಿ ಹಾಗೆ ಮಾಡುವ ಪದ್ಧತಿ ಎಲ್ಲಿಯೂ ಇಲ್ಲ. ಯಾರೋ ಕೇಳಿದ್ದಕ್ಕೆ, "ನಮ್ಮ ಗಿರಿಜವ್ವನ ಮನಿ ಸುಮ್ಮನಾಗೇತಿ, ನನ್ನ ಎತ್ತು ಯಾಕ ಸಪ್ಪಳ ಮಾಡಬೇಕು" ಅಂದೆಯಂತೆ. ವೈನಿ ಹೇಳಿದಳು. ನಾನು ಒಳಗೆ ಹೋಗಿ ಅತ್ತೆ.

ಇಂಥ ಅಣ್ಣನಿಗೆ ನಾನು ಏನು ಮಾಡಿದೆ ಅಂತ ಈಗ ಕೇಳು.

ನಿನ್ನ ಕಿವಿ ಮಂದವಾಗತೊಡಗಿದಾಗ ಮೊದಲು ನಾವೆಲ್ಲ ನಕ್ಕೆವು. ಬೇಕಾದದ್ದಷ್ಟೇ ಕೇಳುತ್ತದೆ ಇವರಿಗೆ ಅಂತ ವೈನಿ ಚಾಷ್ಟಿ ಮಾಡುತ್ತಿದ್ದಳು. ಆಮೇಲೆ ಹುಬ್ಬಳ್ಳಿಯ ಡಾಕ್ಟರು, ನರ ಒಣಗುತ್ತಿದೆ, ಕಿವಿಗೆ ಮಷೀನು ಹಾಕಿದರೂ ಸ್ವಲ್ಪ ಕಾಲ ಅಷ್ಟೇ, ಮುಂದೆ ಅದೂ ನಡೆಯುವುದಿಲ್ಲ ಅಂದರು. ನೀನು ಬಸ್ಸು ಹತ್ತಿ ಊರಿಗೆ ಬಂದೆ. ನಿನ್ನ ಹೆಣ್ಣುಮಕ್ಕಳಿಬ್ಬರೂ ಸೇರಿ, ಅಪ್ಪ ಅವ್ವ ಒಮ್ಮೆ ಎಲ್ಲಿಗಾದರೂ ಹೋಗಿಬರಲಿ ಅಂತ ನಿಶ್ಚಯ ಮಾಡಿದರು. ಎಲ್ಲಿಗೆ ಅಂತ ಕೇಳಿದರೆ ನೀನು ಒಂದೇ ಹೆಸರು ಹೇಳಿದೆ. ಹುಬ್ಬಳ್ಳಿಯಿಂದ ಒಂದು ಗುಂಪು ಹೊರಡುವುದಿತ್ತು. ಹೊಲದಲ್ಲಿ ಹೆಸರುಕಾಳು ಬಿತ್ತಿ, ಎಡೆ ಹೊಡೆದು ಕಳೆ ತೆಗೆಯುವ ಕೆಲಸ ಮುಗಿದ ಮೇಲೆ ಹೋಗುವುದೆಂದು ಗೊತ್ತಾಯಿತು. ನಾವು ಹೋದದ್ದೂ ಅದೇ ತಿಂಗಳಲ್ಲಿ.

ನಾನು ತಿರ್ಲಾಪುರಕ್ಕೆ ಬಂದು ಉಳಿದೆ. ಆ ದಿನಗಳನ್ನು ನೆನೆದರೆ ಈಗಲೂ — ಎಷ್ಟು ಚೆಂದ ಇದ್ದವು! ವೈನಿ ಪಡಸಾಲೆ ತುಂಬ ಸಾಮಾನು ಹರಡಿಕೊಂಡು ಕೂತಿದ್ದಳು. ಉಣ್ಣೆಯ ಕಾಲುಚೀಲ ಹಾಕಿಕೊಂಡು ಸೆಗಣಿ ಸಾರಿಸಿದ ನೆಲದ ಮೇಲೆ ನಡೆದು ನೋಡಿ ಜಾರಿಬಿದ್ದಳು, ಬಿದ್ದಲ್ಲೇ ನಗುತ್ತಾ ಮಲಗಿದಳು. "ಗಿರಿಜಾ, ನಾನೂ ಇವರೂ ಇಬ್ಬರ ಅಂತ ಎಲ್ಲೂ ಹೋಗಿಲ್ಲ ನೋಡ. ಧರ್ಮಸ್ಥಳಕ್ಕ ಹೋದ್ರೂ ಟೆಂಪೋ ತುಂಬ ಮಂದಿ" ಅಂದಳು. ನೀನು ಕಿವಿಯಲ್ಲಿ ಹೊಸ ಮಷೀನು ಸಿಕ್ಕಿಸಿಕೊಂಡು, ಪ್ರವಾಸದವರು ಕೊಟ್ಟ ಹಾಳೆ ಹಿಡಿದುಕೊಂಡು ನನ್ನ ಬಾಜೂಕ್ಕೆ ಬಂದು ಕೂತೆ. ಹೊಸ ಅಂಗಿ ಸಿಕ್ಕ ಹುಡುಗನ ಹಾಗಿತ್ತು ನಿನ್ನ ಮುಖ.

"ಕೊನೀ ದಿನ ಖಾಲಿ ಬಿಟ್ಟಾರ ನೋಡ. ಆ ಫೋಟೋದಾಗಿನ ಆಕಳ ಊರಿಗೆ ಹೋಗೂದು ಹೆಂಗ, ಹೇಳ" ಅಂದೆ. "ಕಿವಿ ಮುಚ್ಚೂದ್ರಾಗ ಅದೊಂದು ಕೇಳಿ ಬರ್ತೀನಿ. ಮತ್ತೇನೂ ಬ್ಯಾಡ ನನಗ."

ಹಾಳೆಯಲ್ಲಿ ಬರೆದದ್ದು ನಾವು ಇಳಿದಿದ್ದ ಹೋಟೆಲೇ. ಅದರ ಬಾಜೂಕ್ಕೆ ಸ್ಟೇಷನ್ನು. ಸಣ್ಣ ರೈಲು. ಕೊನೆಯ ನಿಲ್ದಾಣ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಮಾತು ತುಟಿಗೆ ಬಂದಿತ್ತು ಅಣ್ಣಾ, ಆಣೆಗೂ ಬಂದಿತ್ತು. ಅಷ್ಟರಲ್ಲಿ ವೈನಿ ನಿನ್ನ ಹೆಗಲ ಮೇಲಿಂದ ಬಗ್ಗಿ ಹಾಳೆ ನೋಡಿದಳು, ಅವಳ ಕೈ ನಿನ್ನ ಬೆನ್ನ ಮೇಲಿತ್ತು. ನನಗೆ ಆ ಬೆಂಚು ಕಂಡಿತು. ಅದರ ಮೇಲೆ ವೈನಿ ಕಂಡಳು. ಊರಿಗೆ ಬಂದು ಆ ಬೆಂಚಿನ ಫೋಟೋ ಎಲ್ಲರಿಗೂ ತೋರಿಸುತ್ತಾಳೆ, ಇಲ್ಲಿ ಕೂತು ರೊಟ್ಟಿ ತಿಂದೆವು ಅನ್ನುತ್ತಾಳೆ, ಅವರ ಕುರ್ಚಿಯ ಮೇಲೆ ಮಂದಿ ಕೂತ ಹಾಗೆ ಅಲ್ಲಿಯೂ... ನನಗೆ ಉಳಿದಿದ್ದ ಅದೊಂದು —

"ಅಲ್ಲೇನೈತೋ ಅಣ್ಣಾ, ಏನೂ ಇಲ್ಲ" ಅಂದೆ.

"ಮತ್ತ ಫೋಟೋದಾಗ?"

"ಅದು ಅವತ್ತ ಅವರದೊಂದು ಹಬ್ಬ ಇತ್ತು. ನಮ್ಮ ಕಾರಹುಣ್ಣಿವಿ ಇದ್ದಂಗ. ಹಬ್ಬಕ್ಕಷ್ಟ ಕಟ್ಟತಾರ, ಮುಂದ ಬಿಚ್ಚಿ ಪೆಟಿಗ್ಯಾಗ ಇಡತಾರ. ನೀವು ಹೋಗೂ ಹೊತ್ತಿಗೆ ಬರೇ ಕೊರಳ ಇರತಾವ."

ಬೇರೆ ಯಾರೇ ಆಗಿದ್ದರೂ ಈ ಮಾತು ನಂಬುತ್ತಿರಲಿಲ್ಲ, ಇನ್ನೊಬ್ಬರನ್ನು ಕೇಳುತ್ತಿದ್ದರು, ಮೊಬೈಲಿನಲ್ಲಿ ನೋಡುತ್ತಿದ್ದರು. ನೀನು ನಂಬುತ್ತೀ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ನಮ್ಮಲ್ಲಿ ಹಾಗೇ ಅಲ್ಲವೇ? ದೊಡ್ಡ ಗಂಟೆಸರ ವರ್ಷಕ್ಕೊಮ್ಮೆ ಹೊರಬರುತ್ತದೆ, ಪೂಜೆಯಾಗುತ್ತದೆ, ಮತ್ತೆ ಪೆಟ್ಟಿಗೆ ಸೇರುತ್ತದೆ. ನಿನಗೆ ಗೊತ್ತಿದ್ದ ರೀತಿಯನ್ನೇ ತೆಗೆದು ನಿನ್ನ ಮುಂದಿಟ್ಟೆ. ನೀನು ಹಾಳೆ ನೋಡುತ್ತಲೇ, "ಹೌದಲ್ಲ. ಅಷ್ಟ ದೊಡ್ಡ ಗಂಟಿ ದಿನಾ ಯಾರ ಕಟ್ಟತಾರ. ದನದ ಕೊರಳ ಹರದು ಹೋದೀತು" ಅಂದೆ. ನನ್ನ ಸುಳ್ಳಿಗೆ ಕಡಿಮೆ ಬಿದ್ದದ್ದನ್ನು ನೀನೇ ಸೇರಿಸಿಕೊಟ್ಟೆ. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ದನಗಳಿಗೆ ಮೇವು ಹಾಕಲು ಎದ್ದು ಹೋದೆ.

ಅವತ್ತು ಒಂದು ಗಳಿಗೆಯ ಹೊಟ್ಟೆಕಿಚ್ಚು ಅಂತ ಹೇಳಿ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇದಕ್ಕಿಂತ ಕೆಟ್ಟದ್ದು ಮುಂದಿದೆ. ಅದನ್ನು ನೀನು ಅರಿಯೆ, ವೈನಿ ಬಲ್ಲಳು — ಅವಳಿಗೂ ಅರ್ಧವೇ ಗೊತ್ತು.

ನೀವು ಅಲ್ಲಿಗೆ ಹೋಗಿ, ಆ ಖಾಲಿ ದಿನ ಬಂದ ಬೆಳಿಗ್ಗೆ ವೈನಿಯ ಫೋನು ಬಂತು. ಇಲ್ಲಿ ಆಗಲೇ ಮಧ್ಯಾಹ್ನ, ನಾನು ಊಟಕ್ಕೆ ಕೂತಿದ್ದೆ. "ಗಿರಿಜಾ, ಇವರು ಎದ್ದಾಗಿಂದ ಕಿಡಕ್ಯಾಗ ನಿಂತಾರ. ಮ್ಯಾಲಿಂದ ಏನೋ ಸಪ್ಪಳ ಬಂದಂಗ ಆಗತೈತಿ ಅಂತಾರ. ನನಗೇನ ಕೇಳವಲ್ದು. ಬಾಜೂಕ ಸಣ್ಣ ರೈಲ ಐತಿ, ಗುಡ್ಡದ ಮ್ಯಾಲ ಹೋಗತೈತಂತ. ಹೋಗೂಣೇನ ಬೇ?" ಅಂದಳು. ಅವಳ ದನಿಯಲ್ಲಿ ಎಷ್ಟು ಆಸೆಯಿತ್ತು! ನಾನು ಹೇಳದಿದ್ದರೂ ದಾರಿ ನಿಮ್ಮ ಮುಂದೆ ಬಂದು ನಿಂತಿತ್ತು. ಅದೇ ರೈಲು. ನೀವು ನನ್ನನ್ನು ಕೇಳದೆ ಹತ್ತಿಬಿಟ್ಟಿದ್ದರೆ ಆಗುತ್ತಿತ್ತು. ಕೇಳಿದಿರಿ.

"ಹೋಗಬ್ಯಾಡ್ರಿ ವೈನಿ" ಅಂದೆ. "ಮ್ಯಾಲ ತಂಡಿ ಗಾಳಿ ಭಾಳ. ಅಣ್ಣನ ಕಿವ್ಯಾಗ ಗಾಳಿ ಹೊಕ್ಕರ ಇದ್ದದ್ದೂ ಹೋದೀತು."

ನಿನ್ನ ಕಿವಿಯನ್ನೇ ನೆಪ ಮಾಡಿದೆ ಅಣ್ಣಾ. ಆ ಕಿವಿಗೆ ಬೇಕಾಗಿದ್ದ ಒಂದೇ ಒಂದನ್ನು ತಪ್ಪಿಸುವುದಕ್ಕೆ ಆ ಕಿವಿಯನ್ನೇ... ಅನ್ನ ತಟ್ಟೆಯಲ್ಲಿ ಹಾಗೇ ಉಳಿಯಿತು. ವೈನಿ ಅಂಜಿಬಿಟ್ಟಳು. ನಿನ್ನ ಕಿವಿಯ ಸುತ್ತ ಮಫ್ಲರು ಬಿಗಿದು ಕಟ್ಟಿ, ಎಲ್ಲರ ಜೊತೆ ಪೇಟೆಗೆ ಕರೆದುಕೊಂಡು ಹೋದಳು. ಚಾಕಲೇಟು ಅಂಗಡಿಯ ಮುಂದೆ ನೀನು ನಿಂತ ಫೋಟೋ ನನ್ನ ಮೊಬೈಲಿಗೆ ಬಂತು. ತಲೆತುಂಬ ಮಫ್ಲರು, ಕಣ್ಣು ಮಾತ್ರ ಕಾಣುತ್ತಿದ್ದವು, ಅವು ಕ್ಯಾಮೆರಾ ಬಿಟ್ಟು ಮೇಲೆ ಗುಡ್ಡದ ಕಡೆಗೆ ನೋಡುತ್ತಿದ್ದವು.

ನೀನು ಬಂದವನೇ ಅಣ್ಣಿಗೇರಿಯಲ್ಲಿ ಇಳಿದು ನಮ್ಮ ಮನೆಗೆ ಬಂದೆ. ಎಲ್ಲ ಅಗದಿ ಚಲೋ ಇತ್ತು ಅಂದೆ. ಹಿಮ ನೋಡಿದೆ, ದೊಡ್ಡ ಕೆರೆ ನೋಡಿದೆ, ರೈಲಿನವರು ಹೇಳಿದ ಹೊತ್ತಿಗೆ ಬರುತ್ತಾರೆ ಅಂತ ಮೆಚ್ಚಿಕೊಂಡೆ. ಆಮೇಲೆ ಚೀಲದಿಂದ ಒಂದು ಸಣ್ಣ ಗಂಟೆ ತೆಗೆದು ನನ್ನ ಕೈಗಿಟ್ಟೆ. ಪ್ರವಾಸಿಗರಿಗಾಗಿ ಮಾರುವ ಆಟಿಕೆ, ಕೆಂಪು ಪಟ್ಟಿ ಕಟ್ಟಿದ್ದು. ನಿನ್ನ ಕಿವಿಯ ಮಷೀನಿನ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದೆ. "ತಗಡು. ದನಿ ಇಲ್ಲ ಇದಕ್ಕ" ಅಂದೆ. "ಆದರೂ ನಿನಗಿರಲಿ ಅಂತ ತಂದ್ನಿ. ನೀ ಅಷ್ಟೆಲ್ಲಾ ದಾರಿ ಹೇಳಿ ಕಳಿಸಿದ್ದಿ." ನಾನು ಚಹಾ ಮಾಡುವ ನೆಪ ಹೇಳಿ ಒಳಗೆ ಹೋದೆ. ಅವಾಗಲೂ ಹೇಳಬಹುದಿತ್ತು. ಮಷೀನು ಇನ್ನೂ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಹೋಗಿಬರುವ ದಾರಿ ಹೇಗಾದರೂ ಆಗುತ್ತಿತ್ತು, ನಿನ್ನ ಮಕ್ಕಳು ಇಲ್ಲ ಅನ್ನುತ್ತಿರಲಿಲ್ಲ. ನಾಳೆ ಹೇಳಿದರಾಯಿತು, ದೀಪಾವಳಿಗೆ ಹೇಳಿದರಾಯಿತು ಅಂದುಕೊಂಡೆ. ನಿನ್ನ ಮುಂದೆ ಕೆಟ್ಟವಳಾಗುವುದಕ್ಕೆ ಅಂಜಿಕೆ ನನಗೆ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಮುಂದೆ ಒಂದು ಕಿವಿ ಹೋಯಿತು, ಸ್ವಲ್ಪ ದಿನಕ್ಕೆ ಇನ್ನೊಂದೂ ಹೋಯಿತು. ಎತ್ತುಗಳನ್ನು ಮಾರಿದೆ. ಹಿಂದಿನಿಂದ ಬಂದರೆ ತಿಳಿಯುವುದಿಲ್ಲ, ಹಾಯ್ದಾವು ಅಂತ ವೈನಿ ಅಂಜಿ ಮಾರಿಸಿದಳು. ಗಂಟೆಗಳನ್ನು ಮಾತ್ರ ಕೊಡಲಿಲ್ಲ ನೀನು.

ಹೋದ ತಿಂಗಳು ನಾನು ತಿರ್ಲಾಪುರಕ್ಕೆ ಬಂದಿದ್ದೆನಲ್ಲ, ಅವತ್ತು ಸಂಜೆ ವೈನಿ ಮೊಬೈಲು ಹಿಡಿದುಕೊಂಡು ಕಟ್ಟೆಗೆ ಬಂದಳು. ನಿಮ್ಮ ಮಗಳು ಏನೋ ಒಂದು ವಿಡಿಯೋ ಕಳಿಸಿದ್ದಳು. ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಅದೇ ಇಳಿಜಾರು, ಅದೇ ಬೇಲಿ ಇದ್ದೀತು, ಇಲ್ಲವೇ ಅದರ ಬಾಜಿನದು. ಆಕಳುಗಳು ಮೇಯುತ್ತಿದ್ದವು, ಮೊಬೈಲಿನಿಂದ ಆ ದನಿ ನಮ್ಮ ಕಟ್ಟೆಯ ಮೇಲೆ ಬಂತು. ಕೆಳಗೆ ತಿಂಗಳೂ ಬರೆದಿತ್ತು — ನೀವು ಹೋಗಿದ್ದ ತಿಂಗಳೇ. ವೈನಿ ನನ್ನ ಕಡೆ ತಿರುಗಿ, "ಈಗ ರೀತಿ ಬದಲ ಮಾಡ್ಯಾರ ಕಾಣತೈತಿ. ದಿನಾ ಕಟ್ಟಾಕ ಹತ್ಯಾರ" ಅಂದಳು. ನನ್ನ ಮೇಲೆ ಸಂಶಯ ಕೂಡ ಬರಲಿಲ್ಲ ಅವಳಿಗೆ.

ನೀನು ಮೊಬೈಲು ಇಸಿದುಕೊಂಡೆ. ಕಿವಿಗೆ ಹಿಡಿಯಲಿಲ್ಲ. ಎರಡೂ ಅಂಗೈಯಲ್ಲಿಟ್ಟುಕೊಂಡು, ಆಕಳ ಕೊರಳು ಹೇಗೆ ಅಲ್ಲಾಡುತ್ತದೆ ಅಂತ ನೋಡುತ್ತಾ ಕೂತೆ. ಒಂದು ಆಕಳು ತಲೆ ಎತ್ತಿದಾಗ ನೀನೂ ಅಷ್ಟೇ ತಲೆ ಎತ್ತಿದೆ. ಆಮೇಲೆ ನನ್ನನ್ನು ನೋಡಿ ನಕ್ಕು, ಕಿವುಡರಿಗೆ ಬರುವ ಆ ದೊಡ್ಡ ದನಿಯಲ್ಲಿ ವೈನಿಗೆ, "ನಾವು ಹೋದಾಗ ಇರಲಿಲ್ಲ ನೋಡ, ಗಿರಿಜವ್ವ ಹೇಳಿದ್ದಳು" ಅಂದೆ. ಬಾಜೂ ಮನೆಯವರೂ ಹೊರಗೆ ಬಂದು ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಹೌದು ಅಂತ ಅಲ್ಲಾಡಿಸಿದೆ ಅಣ್ಣಾ! ಅವತ್ತೇ ನಿರ್ಧಾರ ಮಾಡಿದೆ, ಇನ್ನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯ ನೀರು ಕುಡಿಯುವುದಿಲ್ಲ ಅಂತ.

ಇನ್ನೊಂದು ಉಳಿದಿದೆ. ಇದನ್ನು ಬಿಟ್ಟುಬಿಡೋಣ ಅಂತ ಇಲ್ಲಿಯತನಕವೂ ಅಂದುಕೊಂಡಿದ್ದೆ.

ಆ ಬೆಂಚು ನನ್ನದು, ಅವರದು, ನಮ್ಮಿಬ್ಬರದೇ ಅಂತ ಮುಚ್ಚಿಟ್ಟುಕೊಂಡೆ ಅಂದೆನಲ್ಲ — ಅದೂ ಪೂರ್ತಿ ಖರೇ ಅಲ್ಲ. ಅವತ್ತು ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಅವರು ಆ ಗಂಟೆಗಳ ಕಡೆ ಕಿವಿಯಿಟ್ಟು ಒಂದು ಮಾತು ಅಂದರು. "ಮುಂದಿನ ಸಲ ನಿಮ್ಮಣ್ಣನ್ನ ಕರಕೊಂಡು ಬರೂಣು. ನಾವು ಇಲ್ಲೆ ಕುಂತ ಕೇಳಿದ್ದು ಅವಗ ಸೇರಬೇಕಾದ್ದು." ಕಂಪನಿಯವರು ಮತ್ತೆ ಕಳಿಸಿದರೆ ನಿನ್ನ ಟಿಕೆಟ್ಟನ್ನೂ ಜೊತೆಗೆ ಮಾಡಿಸುವ ವಿಚಾರ ಅವರಿಗಿತ್ತು. ಮೊದಲೇ ಹೇಳಿದರೆ ನೀನು ಬೇಡ ಅನ್ನುತ್ತೀ ಅಂತ ನಿನಗೆ ಹೇಳಿರಲಿಲ್ಲ. ಆ ಮುಂದಿನ ಸಲ ಬರಲೇ ಇಲ್ಲ. ಆ ಜಾಗವನ್ನು ಅವರು ಬದುಕಿದ್ದಾಗಲೇ ನಿನಗೆ ಕೊಟ್ಟುಬಿಟ್ಟಿದ್ದರು, ಮುಟ್ಟಿಸುವ ಕೆಲಸ ಅಷ್ಟೇ ನನಗಿತ್ತು. ಅವರ ನೆನಪಿಗಾಗಿ ಸುಳ್ಳು ಹೇಳಿದೆ ಅಂತ ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರಿಗೂ ಮೋಸ ಮಾಡಿದ್ದೆ.

ನಾನು ವಿಧವೆ, ಒಬ್ಬಳೇ ಇದ್ದೆ, ದುಃಖದಲ್ಲಿದ್ದೆ — ಇದನ್ನೆಲ್ಲ ಬರೆಯಬಹುದು, ಬರೆದರೆ ನೀನು ಕರಗುತ್ತೀ ಅಂತಲೂ ಗೊತ್ತು. ಆದರೆ ನಿನ್ನ ಕಿವಿ ಹೋಗುತ್ತದೆ ಅಂತ ಗೊತ್ತಿದ್ದೂ ಹೇಳಿದ ಮಾತದು. ಒಂದು ಸಲ ನಿನ್ನ ಮನೆಯ ಪಡಸಾಲೆಯಲ್ಲಿ, ಇನ್ನೊಂದು ಸಲ ಫೋನಿನಲ್ಲಿ. ನಾನು ಈಗ ಆ ದನಿಯನ್ನು ಎಷ್ಟು ಚೆಂದ ಮಾಡಿ ಬರೆದರೂ ಅದು ನಿನಗೆ ಕೇಳಿಸುವುದಿಲ್ಲ.

ಬರುವ ಸೋಮವಾರ ನವಲಗುಂದದ ಬಸ್ಸಿಗೆ ಬರುತ್ತೇನೆ. ಇದನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ, ನಾನೇ ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ವೈನಿಯೂ ಬಾಜೂಕ್ಕೆ ಕೂತು ಓದಲಿ. ಓದಿದ ಮೇಲೆ ಕೈ ಸನ್ನೆ ಮಾಡಿ, ಹೋಗ್ಲಿ ಬಿಡು ಅನ್ನಬೇಡ. ಅದು ನಿನ್ನ ಸ್ವಭಾವ, ಅದರ ಆಸರೆಯಲ್ಲೇ ನಾನು ಇಷ್ಟು ದಿನ ಕಳೆದೆ. ಈ ಸಲ ಬೈಯಿ. ಸಣ್ಣವರಿದ್ದಾಗ ನಾನು ನಿನ್ನ ಹೊಸ ಚಾಟಿ ಬಾವಿಗೆ ಒಗೆದು ಬಂದಾಗ ಬೈದೆಯಲ್ಲ, ಹಾಗೆ, ಬಾಯಿಗೆ ಬಂದಂತೆ ಬೈಯಿ. ನಿನ್ನ ದನಿ ಎಷ್ಟು ದೊಡ್ಡದಾಯಿತು ಅಂತ ನಿನಗೆ ತಿಳಿಯುವುದಿಲ್ಲ, ಓಣಿಯ ಮಂದಿ ಹೊರಗೆ ಬಂದು ನಿಲ್ಲುತ್ತಾರೆ — ನಿಲ್ಲಲಿ. ನೀನು ಬೈಯುವುದನ್ನು ಒಂದೂ ಬಿಡದೆ ಕೇಳಿಸಿಕೊಳ್ಳುತ್ತೇನೆ. ನನಗೆ ಕೇಳುತ್ತದೆ, ಅಣ್ಣಾ.